ಹೊಸಕೋಟೆ: ಶರತ್ ಬಚ್ಚೇಗೌಡ ರಾಜಕೀಯ ಹಾದಿ, ಮರು ಆಯ್ಕೆ, ಅದೇ ಇಬ್ಬರು, ಅದಲು ಬದಲಾದ ಚಿಹ್ನೆ

ಹೊಸಕೋಟೆ: ಶರತ್ ಬಚ್ಚೇಗೌಡ ಹೊಸಕೋಟೆ ವಿಧಾನಸಭಾ ಕ್ಷೇತ್ರದ ಕಾಂಗ್ರೆಸ್ ಶಾಸಕ. 2019ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದು ಮೊದಲ ಬಾರಿ ವಿಧಾನಸಭೆಗೆ ಹೋದರು. 2023ರಲ್ಲಿ ಮರು ಆಯ್ಕೆಯಾದರು. ಮಾಜಿ ಸಚಿವ, ಚಿಕ್ಕಬಳ್ಳಾಪುರದ ಮಾಜಿ ಸಂಸದ ಬಿ.ಎನ್. ಬಚ್ಚೇಗೌಡರ ಮಗ.

ಮೂರು ಚುನಾವಣೆಯಲ್ಲೂ ಅವರ ಎದುರಾಳಿ ಒಬ್ಬರೇ, ಎಂ.ಟಿ.ಬಿ. ನಾಗರಾಜ್. ಈ ಜಗಳ ಶರತ್ ಕಾಲದಲ್ಲಿ ಶುರುವಾದದ್ದೂ ಅಲ್ಲ. 2004ರಲ್ಲಿ ಬಚ್ಚೇಗೌಡರನ್ನು ಎಂಟಿಬಿ ಸೋಲಿಸಿದರು. 2008ರಲ್ಲಿ ಬಚ್ಚೇಗೌಡರು ಬಿಜೆಪಿಯಿಂದ ಗೆದ್ದು ಕಾರ್ಮಿಕ ಸಚಿವರಾದರು. 2013ರಲ್ಲಿ ಮತ್ತೆ ಎಂಟಿಬಿ. 2018ಕ್ಕೆ ಅಪ್ಪನ ಜಾಗಕ್ಕೆ ಮಗ ಬಂದರು.

ಆ ಸಲ ಎಂಟಿಬಿ ಕೈ, ಶರತ್ ಕಮಲ. ಎಂಟಿಬಿಗೆ 98,824 ಮತ, ಶರತ್‌ಗೆ 91,227. ಸೋಲು 7,597 ಮತಗಳಿಂದ.

ವರ್ಷ ಕಳೆಯುವಷ್ಟರಲ್ಲಿ ಆಟ ತಿರುಗಿತು. ಮೈತ್ರಿ ಸರ್ಕಾರದಲ್ಲಿ ವಸತಿ ಸಚಿವರಾಗಿದ್ದ ಎಂಟಿಬಿ 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಅವರೂ ಒಬ್ಬರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದು ಅಂತ ಹೇಳಿತು. ಎಂಟಿಬಿ ಬಿಜೆಪಿ ಸೇರಿ ಟಿಕೆಟ್ ಪಡೆದರು. ಅಲ್ಲಿಯವರೆಗೆ ಕಮಲದ ಬಾವುಟ ಹಿಡಿದು ಎಂಟಿಬಿ ವಿರುದ್ಧ ಓಡಾಡಿದ್ದ ಕಾರ್ಯಕರ್ತರ ಪಾಡು ಏನಾಗಬೇಕು ಹೇಳಿ!

ಶರತ್‌ಗೆ ಸಮಾಧಾನ ಮಾಡಲು ಗೃಹ ಮಂಡಳಿ ಅಧ್ಯಕ್ಷ ಸ್ಥಾನ ಕೊಟ್ಟು ನೋಡಿದರು, ಅವರು ಬಗ್ಗಲಿಲ್ಲ. ಕುಕ್ಕರ್ ಗುರುತಿನಲ್ಲಿ ಪಕ್ಷೇತರರಾಗಿ ನಿಂತರು. ಬಿಜೆಪಿ ಉಚ್ಚಾಟಿಸಿತು. ಆಗ ಬಚ್ಚೇಗೌಡರು ಬಿಜೆಪಿ ಸಂಸದರು ಬೇರೆ. ಜೆಡಿಎಸ್ ಅಭ್ಯರ್ಥಿ ಹಾಕದೆ ಶರತ್‌ಗೆ ಬೆಂಬಲ ಕೊಟ್ಟಿತು. ಕಾಂಗ್ರೆಸ್‌ನಿಂದ ಹೆಬ್ಬಾಳ ಶಾಸಕ ಬೈರತಿ ಸುರೇಶ್ ಪತ್ನಿ ಪದ್ಮಾವತಿ ಸುರೇಶ್ ಕಣದಲ್ಲಿದ್ದರು. ಡಿಸೆಂಬರ್ 5ರಂದು ಶೇ 90ಕ್ಕೂ ಹೆಚ್ಚು ಮತದಾನ ಆಯಿತು. ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲೇ ಇದು ಜಾಸ್ತಿ. ಶರತ್ 81,671, ಎಂಟಿಬಿ 70,185, ಪದ್ಮಾವತಿ 41,443. ಅಂತರ 11,486.

ಇದನ್ನು ನೋಡಿ ಎಂಟಿಬಿ ಕಥೆ ಮುಗೀತು ಅಂದವರು ಎರಡೇ ತಿಂಗಳಲ್ಲಿ ಸುಮ್ಮನಾಗಬೇಕಾಯಿತು. 2020ರ ಫೆಬ್ರವರಿಯಲ್ಲಿ ಹೊಸಕೋಟೆ ನಗರಸಭೆಗೆ ಚುನಾವಣೆ ನಡೆದಾಗ 31 ವಾರ್ಡ್‌ಗಳಲ್ಲಿ 22 ಬಿಜೆಪಿ ಪಾಲಾಯಿತು. ಶರತ್ ಬೆಂಬಲಿಗರು ಪಕ್ಷೇತರರಾಗಿ ನಿಂತಿದ್ದರು, ಒಂದಂಕಿಗೇ ನಿಂತರು. ವಾರ್ಡ್ ಚುನಾವಣೆ ಲೆಕ್ಕವೇ ಬೇರೆ ಅನ್ನೋದು ನಿಜ. ಆದರೆ ಟೌನ್ ಒಂದನ್ನೇ ನೋಡಿ ಇಡೀ ಕ್ಷೇತ್ರದ ಗಾಳಿ ಅಳೆಯುವವರಿಗೆ, ಕ್ಷೇತ್ರ ನೋಡಿ ಟೌನ್ ಅಳೆಯುವವರಿಗೆ, ಇಬ್ಬರಿಗೂ ಈ ಫಲಿತಾಂಶ ಉತ್ತರ ಕೊಟ್ಟಿದೆ.

ಅದೇ ವರ್ಷ ಜೂನ್‌ನಲ್ಲಿ ಎಂಟಿಬಿ ವಿಧಾನ ಪರಿಷತ್ತಿಗೆ ಆಯ್ಕೆಯಾದರು, 2021ರ ಜನವರಿಯಲ್ಲಿ ಮತ್ತೆ ಸಚಿವರಾದರು. ಅನರ್ಹರಾದವರು ಸಚಿವರಾಗೋದು ಹೇಗೆ ಅಂತ ಹಲವರು ಕೇಳಿದ್ದುಂಟು. ಅನರ್ಹರಾದವರು ಮತ್ತೆ ಚುನಾಯಿತರಾದರೆ ಆ ಅಡ್ಡಿ ಹೋಗುತ್ತದೆ. ಎಂಟಿಬಿ ಪರಿಷತ್ತಿಗೆ ಚುನಾಯಿತರು. ನಾಮನಿರ್ದೇಶನಗೊಂಡಿದ್ದ ಎಚ್. ವಿಶ್ವನಾಥ್ ಅವರಿಗೆ ಮಾತ್ರ ಹೈಕೋರ್ಟ್ ತಡೆ ಬಿತ್ತು. ಎಂಟಿಬಿ ಕೈಗೆ ಮುಂದೆ ಪೌರಾಡಳಿತ ಖಾತೆಯೂ ಬಂತು. ಅಂದರೆ ಕ್ಷೇತ್ರದಲ್ಲಿ ಗೆದ್ದವರು ಶಾಸಕರು, ಸೋತವರು ನಗರಸಭೆಗಳ ಮೇಲಿನ ಸಚಿವರು. ಹೊಸಕೋಟೆಯವರಿಗೆ ಒಂದು ಕೆಲಸಕ್ಕೆ ಎರಡು ಮನೆ ಬಾಗಿಲು.

ಇತ್ತ ಶರತ್ 2021ರಲ್ಲಿ ಕಾಂಗ್ರೆಸ್‌ಗೆ ಬೆಂಬಲ ಘೋಷಿಸಿದರು. 2023ರಲ್ಲಿ ಕೈ ಚಿಹ್ನೆಯಲ್ಲೇ ನಿಂತರು, ಎದುರಿಗೆ ಕಮಲದ ಎಂಟಿಬಿ. ಐದು ವರ್ಷದಲ್ಲಿ ಇಬ್ಬರೂ ಚಿಹ್ನೆ ಅದಲು ಬದಲು ಮಾಡಿಕೊಂಡಂತಾಯಿತು. ಶರತ್ 1,07,205, ಎಂಟಿಬಿ 1,02,130. ಅಂತರ 5,075.

ಈ ಅಂಕಿ ಸ್ವಲ್ಪ ನಿಂತು ನೋಡಬೇಕು. 2019ರಲ್ಲಿ ಶರತ್ ಮತ್ತು ಕಾಂಗ್ರೆಸ್ ಮತ ಕೂಡಿದರೆ 1,23,114. ಇಬ್ಬರೂ ಒಂದಾದ ಮೇಲೆ ಬಂದಿದ್ದು ಅದಕ್ಕಿಂತ 16 ಸಾವಿರ ಕಡಿಮೆ. ಎಂಟಿಬಿಗೆ ಮಾತ್ರ ಸುಮಾರು 32 ಸಾವಿರ ಹೆಚ್ಚಿತು, ಶರತ್‌ಗೆ ಹೆಚ್ಚಿದ್ದು ಸುಮಾರು 25 ಸಾವಿರ. ಕಾಂಗ್ರೆಸ್ ಮತ ಪೂರ್ತಿ ಶರತ್ ಕಡೆ ಬರಲಿಲ್ಲ ಅಂತ ಇದರಿಂದ ಅನ್ನಿಸುತ್ತೆ. ಹಳೇ ಕಾಂಗ್ರೆಸ್ಸಿಗರಲ್ಲಿ ಎಂಟಿಬಿ ಕಾಲದ ನಂಟು ಉಳಿದಿರಬಹುದು.

ಆ ಚುನಾವಣೆಯಲ್ಲಿ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಕಾಂಗ್ರೆಸ್‌ಗೆ ಬಂದವು. ದೊಡ್ಡಬಳ್ಳಾಪುರ ಬಿಜೆಪಿಗೆ. ದೇವನಹಳ್ಳಿಯ ಕೆ.ಎಚ್. ಮುನಿಯಪ್ಪ ಸಂಪುಟ ಸೇರಿದರು. ಶರತ್‌ಗೆ ಸಚಿವ ಸ್ಥಾನ ಸಿಗಲಿಲ್ಲ, 2024ರಲ್ಲಿ ಕಿಯೋನಿಕ್ಸ್ ಅಧ್ಯಕ್ಷ ಸ್ಥಾನ ಸಿಕ್ಕಿತು.