ಸಾವಿರ ಕಣ್ಣಿನ ಲೆಕ್ಕ

ಇಂದ್ರನಿಗೆ ಸಹಸ್ರಾಕ್ಷನೆಂಬ ಹೆಸರೇಕೆಂದು ಪಾಠ ಹೇಳುತ್ತಿದ್ದೆ. “ಸಾವಿರ ಕಣ್ಣೇಕೆ ಸಾರ್, ಒಂದೇ ದೊಡ್ಡ ಕಣ್ಣು ಸಾಲದೆ?” ಎಂದನೊಬ್ಬ ಹುಡುಗ. ನನಗೆ ಉತ್ತರ ದೊರೆತದ್ದು ಪುರಾಣದಲ್ಲಲ್ಲ, ದುರ್ಬೀನಿನ ಚರಿತ್ರೆಯಲ್ಲಿ.

1897ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ 40 ಅಂಗುಲದ ಮಸೂರವನ್ನು ಕೂರಿಸಿದರು. ಅದರ ನಳಿಗೆಯೇ ಸುಮಾರು 60 ಅಡಿ. ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು; ನಡುವೆ ಊರುಗೋಲು ಕೊಟ್ಟರೆ ಬೆಳಕಿಗೇ ಅಡ್ಡ. ಇನ್ನೂ ದೊಡ್ಡದು ಮಾಡಿದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆಮೇಲಿನವರು ಬೆನ್ನಿಗೆ ಆಸರೆ ಕೊಡಬಹುದಾದ ಕನ್ನಡಿಯನ್ನು ಹಿಡಿದರು. ಕನ್ನಡಿ ಬೆಳೆಯಿತು, ನಿಜ. ಆದರೆ ದುರ್ಬೀನಿನೊಳಗೆ ಚೆದರಿದ ತಾರೆಗಳ ಬೆಳಕು ತೀರ ಮಬ್ಬಾದದ್ದನ್ನೆಲ್ಲ ನುಂಗಿಹಾಕುತ್ತಿತ್ತು.

ಪೀಟರ್ ವಾನ್ ಡೊಕ್ಕುಮ್, ರಾಬರ್ಟೊ ಏಬ್ರಹಾಮ್ ಎಂಬ ಖಗೋಳಜ್ಞರು 2013ರ ಹೊತ್ತಿಗೆ ಬೇರೆ ಉಪಾಯ ಹೂಡಿದರು. ಆಟದ ಮೈದಾನದ ಛಾಯಾಗ್ರಾಹಕರು ಬಳಸುವಂಥ 8 ಕ್ಯಾನನ್ ಮಸೂರಗಳನ್ನು ಕಂತೆ ಕಟ್ಟಿ ನ್ಯೂ ಮೆಕ್ಸಿಕೊದ ಆಕಾಶಕ್ಕೆ ತಿರುಗಿಸಿದರು. ಅವುಗಳ ಗಾಜಿನ ಲೇಪ ಬೆಳಕನ್ನು ಹೆಚ್ಚು ಚೆದರಗೊಡದು. ಒಂದೊಂದಕ್ಕೂ ಬೇರೆ ಕ್ಯಾಮೆರಾ, ನೋಟ ಮಾತ್ರ ಒಂದೇ ಕಡೆ. ಆಮೇಲೆ ಕಂಪ್ಯೂಟರು ಚಿತ್ರಗಳನ್ನೆಲ್ಲ ಕೂಡಿಸುತ್ತದೆ. ನಳಿಗೆ ಮೋಟಾದ್ದರಿಂದ ನೋಟವೂ ಅಗಲ: 5 ಹುಣ್ಣಿಮೆ ಚಂದ್ರರನ್ನು ಸಾಲಾಗಿ ನಿಲ್ಲಿಸಬಹುದು. ಇದಕ್ಕೆ ಅವರಿಟ್ಟದ್ದು ನಮ್ಮ ಮಕ್ಕಳ ಏರೋಪ್ಲೇನ್ ಚಿಟ್ಟೆಯ ಹೆಸರು. ಆ ಹುಳುವೂ ಒಂದು ಬಗೆಯ ಸಹಸ್ರಾಕ್ಷನೇ.

ಮುಂದೆ ಮಸೂರಗಳು 48 ಆದವು. ಎಲ್ಲ ಸೇರಿದರೆ ಹೆಚ್ಚು ಕಡಮೆ ಒಂದು ಮೀಟರು, ಎಂದರೆ ಯರ್ಕ್ಸಿನ ಅಳತೆ! ಆದರೆ ನನಗೆ ಹೆಚ್ಚು ಸೋಜಿಗವಾದದ್ದು ಮೊದಲಿನ 8 ಕಣ್ಣುಗಳ ಕೆಲಸವೇ. ದಶಕಗಳಿಂದ ಎಲ್ಲರೂ ಚಿತ್ರ ತೆಗೆಯುತ್ತಿದ್ದ ಕೋಮಾ ಸಮೂಹದಲ್ಲಿ, ನಮ್ಮ ಆಕಾಶಗಂಗೆಯಷ್ಟೇ ಹರಹಿನ, ನಕ್ಷತ್ರಗಳು ಮಾತ್ರ ತೀರ ವಿರಳವಾದ 47 ಮಬ್ಬು ಗ್ಯಾಲಕ್ಸಿಗಳನ್ನು ಅವು ಹಿಡಿದುಕೊಟ್ಟವೆಂದು 2015ರಲ್ಲಿ ಪ್ರಕಟವಾಯಿತು.