ಬರ್ಕ್ಲಿ ಉಪನ್ಯಾಸಗಳ ಪ್ರಕರಣ: ಒಂದು ವಿವೇಚನೆ

ವಿದ್ಯೆಯ ಬಾಗಿಲು ಸರ್ವರಿಗೂ ತೆರೆದಿದೆಯೆಂದು ಸಾರಿದ ಮಾತ್ರಕ್ಕೆ ಎಲ್ಲರೂ ಒಳಗೆ ಬರಬಲ್ಲರೆಂದು ತಿಳಿಯಲಾಗದು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ನಡೆದ ಒಂದು ಪ್ರಕರಣವು ಇದಕ್ಕೆ ನಿದರ್ಶನವಾಗಿದೆ.

ಬರ್ಕ್ಲಿಯ ಪ್ರಾಧ್ಯಾಪಕರು ತರಗತಿಯಲ್ಲಿ ಮಾಡಿದ ಉಪನ್ಯಾಸಗಳು ಅಂತರ್ಜಾಲದ ಮೂಲಕ ಲೋಕಕ್ಕೆಲ್ಲ ಉಚಿತವಾಗಿ ದೊರೆಯುತ್ತಿದ್ದುವು. ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಇರುವ ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾನಿಲಯದ ಇಬ್ಬರು ನೌಕರರು, ಇವುಗಳಿಂದ ತಮಗೆ ಪ್ರಯೋಜನವಾಗುತ್ತಿಲ್ಲವೆಂದು ದೂರಿತ್ತರು. ಅಲ್ಲಿನ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯು ವಿಚಾರಣೆ ನಡೆಸಿ, 2016ರ ಆಗಸ್ಟಿನಲ್ಲಿ ತನ್ನ ಅಭಿಪ್ರಾಯವನ್ನು ತಿಳಿಸಿತು. ಅನೇಕ ವೀಡಿಯೋಗಳಿಗೆ ಅಡಿಬರಹವಿರಲಿಲ್ಲ; ಯಂತ್ರವೇ ಬರೆದ ಅಡಿಬರಹದಲ್ಲಿ ತಪ್ಪುಗಳಿದ್ದುವು; ಅಂಧರಿಗೆ ಪಾಠವನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಕೆಲವು ಬರಹಗಳು ನಿಲುಕುತ್ತಿರಲಿಲ್ಲ. ಇದು 1990ರ ಅಂಗವಿಕಲರ ಕಾಯಿದೆಗೆ ವಿರುದ್ಧವೆಂದು ಇಲಾಖೆಯು ಹೇಳಿತು.

ಇದರ ಪರಿಣಾಮವು ವಿಷಾದಕರವಾಯಿತು. ತಿದ್ದುವ ವೆಚ್ಚವು ಅಪಾರವೆಂದು ವಿಶ್ವವಿದ್ಯಾನಿಲಯವು 2017ರ ಮಾರ್ಚಿಯಲ್ಲಿ 20,000ಕ್ಕೂ ಮಿಕ್ಕ ಉಪನ್ಯಾಸಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಕೇಳಲಾರದವರಿಗೆ ದೊರೆಯದಿದ್ದುದು ಕೇಳಬಲ್ಲವರಿಗೂ ದೊರೆಯದಾಯಿತು. ಕಡೆಗೆ 2022ರಲ್ಲಿ ಇಲಾಖೆಗೂ ವಿಶ್ವವಿದ್ಯಾನಿಲಯಕ್ಕೂ ಒಪ್ಪಂದವಾಗಿ, ಅಂತರ್ಜಾಲದ ಪಾಠಸಾಮಗ್ರಿಯನ್ನು ಸರಿಪಡಿಸಲು ವಿಶ್ವವಿದ್ಯಾನಿಲಯವು ಸಮ್ಮತಿಸಿತು.

ಕೆಲವರು ಕಾನೂನನ್ನು ದೂರಿದರು. ಕೆಲವರು ವಿಶ್ವವಿದ್ಯಾನಿಲಯವನ್ನು ದೂರಿದರು. ನಮ್ಮ ಅಭಿಪ್ರಾಯದಲ್ಲಿ ದೋಷದ ಮೂಲವು ಬೇರೆಡೆ ಇದೆ. ಒಂದು ಉಪನ್ಯಾಸವನ್ನು ಸಿದ್ಧಪಡಿಸುವಾಗಲೇ ಅಡಿಬರಹವನ್ನು ಪರಿಶೀಲಿಸುವುದು ಅಲ್ಪ ಶ್ರಮದ ಕೆಲಸ. ಸಾವಿರಾರು ಉಪನ್ಯಾಸಗಳು ಕೂಡಿದ ಮೇಲೆ ಅದೇ ದುಸ್ಸಾಧ್ಯವೆನಿಸುತ್ತದೆ. ಪರಿಶೀಲನೆಯನ್ನು ಮುಂದೂಡಿದುದೇ ಇಲ್ಲಿನ ಪ್ರಮಾದ.

ಈ ಪ್ರಮಾದದಿಂದ ನಾವು ಹೊರತಲ್ಲ. ಭಾರತದಲ್ಲಿಯೂ 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗೀಕೃತವಾಗಿದೆ. ಆದರೂ ಪುಸ್ತಕದ ಪುಟಗಳ ಛಾಯಾಚಿತ್ರ ತೆಗೆದು ವಿದ್ಯಾರ್ಥಿಗಳಿಗೆ ಕಳುಹಿಸುವುದು ನಮ್ಮಲ್ಲಿ ರೂಢಿಯಾಗಿದೆ. ಸ್ಕ್ರೀನ್ ರೀಡರಿನ ಪಾಲಿಗೆ ಅದು ಚಿತ್ರವೇ ಹೊರತು ಬರಹವಲ್ಲ. ಯೂನಿಕೋಡನ್ನು ಅನುಸರಿಸದ ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಟಿಪ್ಪಣಿಯು ಕಣ್ಣಿಗೆ ಕನ್ನಡವಾಗಿ ಕಂಡರೂ, ಗಣಕಯಂತ್ರವು ಅದನ್ನು ಅರ್ಥಹೀನ ರೋಮನ್ ಅಕ್ಷರಗಳೆಂದೇ ಗ್ರಹಿಸುತ್ತದೆ.

ಪರೀಕ್ಷಿಸುವ ಕ್ರಮ ಕಠಿಣವಾದುದಲ್ಲ. ಟಿಪ್ಪಣಿಯಲ್ಲಿರುವ ಒಂದು ಕನ್ನಡ ಪದವನ್ನು ಬೆರಳಚ್ಚಿಸಿ ಹುಡುಕಿದರೆ ಅದು ಸಿಕ್ಕುವುದೇ? ಭೂಪಟಕ್ಕೂ ಶಾಸನದ ಚಿತ್ರಕ್ಕೂ ಮಾತಿನ ವಿವರಣೆಯಿದೆಯೇ? ಇಷ್ಟನ್ನು ನೋಡಿದ ಬಳಿಕ, ಕಣ್ಣು ಮುಚ್ಚಿ ಪಾಠವನ್ನು ಯಂತ್ರದಿಂದ ಓದಿಸಿ ಕೇಳಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ತರಗತಿಯಲ್ಲಿರುವ ಅಂಧ ವಿದ್ಯಾರ್ಥಿಯನ್ನೇ ವಿಚಾರಿಸಬೇಕು. ಆತನು ದೂರು ಕೊಡುವವರೆಗೆ ಕಾಯುವುದು ಅಧ್ಯಾಪಕರಾದ ನಮಗೆ ಶೋಭಿಸದು.