ಯಂತ್ರದ ತೀರ್ಮಾನಕ್ಕೆ ಬಿದ್ದ ಮೊದಲ ತಡೆ

ಕೃತಕ ಬುದ್ಧಿಮತ್ತೆಯ ನಿಯಂತ್ರಣವು ಈ ದಶಕದ ಕಾಳಜಿಯೆಂದು ತೋರಿದರೂ, ಮನುಷ್ಯನ ಬಗೆಗಿನ ತೀರ್ಮಾನವನ್ನು ಯಂತ್ರವೊಂದಕ್ಕೇ ಬಿಟ್ಟುಕೊಡಬಾರದೆಂಬ ನಿಯಮದ ಬೇರು ಫ್ರಾನ್ಸಿನ 1978ರ ಕಾಯಿದೆಯಲ್ಲಿದೆ. ಆ ಕಾಯಿದೆಯ ಹಿಂದಿದ್ದುದು ಒಂದು ಸಂಖ್ಯೆ ಹುಟ್ಟಿಸಿದ ಭಯ.

ಲಿಂಗ, ಹುಟ್ಟಿದ ವರ್ಷ, ತಿಂಗಳು ಮತ್ತು ಊರನ್ನು 13 ಅಂಕಿಗಳಲ್ಲಿ ಅಡಗಿಸುವ ಆ ಗುರುತು ಸಂಖ್ಯೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರಿಗೆ ಮಣಿದಿದ್ದ ವಿಶಿ ಸರ್ಕಾರದ ಅಡಿಯಲ್ಲಿ, ರೆನೆ ಕಾರ್ಮಿಯ್ ಎಂಬ ಸೇನಾಧಿಕಾರಿ ರೂಪಿಸಿದರು. ಗುಟ್ಟಾಗಿ ಸೈನ್ಯವನ್ನು ಮತ್ತೆ ಕಟ್ಟುವ ಆಲೋಚನೆ ಅವರದಾಗಿತ್ತು. ಆದರೆ ಅಲ್ಜೀರಿಯದಲ್ಲಿ ಅದೇ ಸಂಖ್ಯೆಯ ಮೊದಲ ಅಂಕಿಯು ಯೆಹೂದಿಯರನ್ನೂ ಮುಸ್ಲಿಮರನ್ನೂ ಬೇರೆಯಾಗಿ ಗುರುತಿಸಲು ಬಳಕೆಯಾಯಿತು. ಪ್ರತಿರೋಧ ಚಳವಳಿಯ ಜೊತೆಗಿದ್ದ ಕಾರ್ಮಿಯ್ 1945ರಲ್ಲಿ ದಾಹೌ ಯಾತನಾ ಶಿಬಿರದಲ್ಲಿ ತೀರಿಕೊಂಡರು.

ಇಲಾಖೆಗಳಲ್ಲಿ ಚದುರಿದ್ದ ಕಡತಗಳನ್ನು ಈ ಸಂಖ್ಯೆಯ ಎಳೆಯಲ್ಲಿ ಪೋಣಿಸಿ ಗಣಕಯಂತ್ರಕ್ಕೆ ಒಪ್ಪಿಸುವ 'ಸಫಾರಿ' ಯೋಜನೆಯನ್ನು 1974ರ ಮಾರ್ಚ್ 21ರಂದು 'ಲ ಮೊಂದ್' ಪತ್ರಿಕೆಯು ಫ್ರೆಂಚರ ಬೇಟೆಯೆಂದೇ ಕರೆದು ಬಯಲಿಗಿಟ್ಟಾಗ, ಆಕ್ರಮಣದ ದಿನಗಳನ್ನು ಕಂಡಿದ್ದ ಪೀಳಿಗೆಗೆ ಅಪಾಯವನ್ನು ವಿವರಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಪ್ರಧಾನಿ ಪಿಯೆರ್ ಮೆಸ್ಮೆರ್ ಕಡತಗಳ ಜೋಡಣೆಯನ್ನು ತಡೆದರು. ಸಮಿತಿಯೊಂದರ ವಿಚಾರಣೆಯ ಬಳಿಕ 1978ರ ಜನವರಿ 6ರಂದು ಕಾಯಿದೆ ಬಂತು. ವ್ಯಕ್ತಿಯ ನಡತೆಯನ್ನು ಅಳೆಯುವ ನ್ಯಾಯಾಲಯದ ತೀರ್ಪು ಯಂತ್ರ ಬಿಡಿಸಿದ ವ್ಯಕ್ತಿಚಿತ್ರವನ್ನು ಆಧರಿಸಕೂಡದೆಂದೂ, ಆಡಳಿತದ ಮತ್ತು ಖಾಸಗಿ ನಿರ್ಧಾರಗಳಿಗೆ ಅದೊಂದೇ ಆಧಾರವಾಗಕೂಡದೆಂದೂ ಅದರ ಎರಡನೆಯ ವಿಧಿ ಹೇಳಿತು. ಮೂರನೆಯ ವಿಧಿ ಇನ್ನೂ ದಿಟ್ಟವಾದುದು: ತನ್ನ ವಿರುದ್ಧ ಬಳಕೆಯಾದ ಮಾಹಿತಿಯನ್ನಷ್ಟೇ ಅಲ್ಲದೆ, ಯಂತ್ರ ಅನುಸರಿಸಿದ ತರ್ಕವನ್ನೂ ತಿಳಿಯುವ ಮತ್ತು ಪ್ರಶ್ನಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಟ್ಟಿತು.

ಈ ಚಿಂತನೆ 1995ರ ಯುರೋಪಿನ ನಿರ್ದೇಶನಕ್ಕೂ 2018ರಲ್ಲಿ ಜಾರಿಯಾದ ದತ್ತಾಂಶ ರಕ್ಷಣಾ ನಿಯಮಾವಳಿಗೂ ಹರಿಯಿತು. ಆದರೆ 'ಯಂತ್ರವೊಂದರಿಂದಲೇ' ಎಂಬ ಪದದಲ್ಲೇ ಬಿರುಕೊಂದಿತ್ತು; ಗಣಕದ ಫಲಿತಾಂಶಕ್ಕೆ ಗುಮಾಸ್ತನೊಬ್ಬ ಕಣ್ಣುಮುಚ್ಚಿ ಸಹಿ ಹಾಕಿದರೂ ಮನುಷ್ಯನೇ ನಿರ್ಧರಿಸಿದನೆಂದು ವಾದಿಸಬಹುದಾಗಿತ್ತು. ಸಾಲ ಕೊಡುವವರು ಬಹುವಾಗಿ ನೆಚ್ಚುವ ಅಂಕವೇ ನಿರ್ಧಾರಕ್ಕೆ ಸಮವೆಂದು ಯುರೋಪಿನ ನ್ಯಾಯಾಲಯ ಹೇಳಲು 2023ರ ಡಿಸೆಂಬರ್ ಬರಬೇಕಾಯಿತು. ಅದಕ್ಕೂ ಮೊದಲು, 2020ರ ಫೆಬ್ರವರಿಯಲ್ಲಿ, ನೆದರ್ಲೆಂಡ್ಸಿನ ಸರ್ಕಾರಿ ನೆರವಿನಲ್ಲಿ ವಂಚನೆಯ ಸಾಧ್ಯತೆಯನ್ನು ಎಣಿಸುತ್ತಿದ್ದ 'ಸಿರಿ' ವ್ಯವಸ್ಥೆಯು ಮಾನವ ಹಕ್ಕುಗಳ ಒಡಂಬಡಿಕೆಗೆ ವಿರುದ್ಧವೆಂದು ಹೇಗ್ ನಗರದ ನ್ಯಾಯಾಲಯವು ತೀರ್ಪಿತ್ತಿತು. ವ್ಯಕ್ತಿಚಿತ್ರವೊಂದನ್ನೇ ನೆಚ್ಚಿ ಒಬ್ಬನು ಅಪರಾಧ ಮಾಡಿಯಾನೆಂದು ಊಹಿಸುವ ಉಪಕರಣಗಳನ್ನು ನಿಷೇಧಿಸಿದ 2024ರ ಯುರೋಪಿನ ಕೃತಕ ಬುದ್ಧಿಮತ್ತೆ ಕಾಯಿದೆ ಈ ಪರಂಪರೆಯದೇ.

ಭಾರತದಲ್ಲಿಯೂ ಇಂಥ ಪ್ರಶ್ನೆ ಎದ್ದುದು ಒಂದು ಸಂಖ್ಯೆಯಿಂದಲೇ. 12 ಅಂಕಿಗಳ ಆಧಾರ್ ವ್ಯವಸ್ಥೆಯನ್ನು 2012ರಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ; ಅವರ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ ಅದರ ತರುವಾಯ ಬಂದ 2023ರ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ, ಯಂತ್ರದ ತರ್ಕವನ್ನು ತಿಳಿದು ಪ್ರಶ್ನಿಸುವ ಆ ಫ್ರೆಂಚ್ ಹಕ್ಕಿಗೆ ಜಾಗ ಸಿಗಲಿಲ್ಲ.